ಭಾನುವಾರ ಎರಡು ಗಂಟೆಯ ಮುದ್ದೆ

ಬೆಂಗಳೂರಿನ ಹಳೇ ಪೇಟೆ ಭಾಗದ ಒಂದು ಹೆಸರಾಂತ ಮಿಲಿಟರಿ ಹೋಟೆಲಿಗೆ ಮೊದಲ ಸಲ ಹೋಗಿದ್ದು ಭಾನುವಾರ. ನಾಲ್ಕು ಜನ. ಬಾಗಿಲಲ್ಲಿ ಹೆಸರು ಬರೆಸಿದಾಗ 12:50, ಕೂತಾಗ 1:55, ಮೊದಲ ತಟ್ಟೆ ಬಂದಾಗ 2:10. ಊಟ ಯಾಕೆ ಕೆಟ್ಟಿತು ಎಂದು ಲೆಕ್ಕ ಹಾಕಲು ಕೂತರೆ ಅರ್ಧ ಉತ್ತರ ಈ ಮೂರು ಅಂಕಿಗಳಲ್ಲೇ ಇದೆ. ಮಿಲಿಟರಿ ಹೋಟೆಲಿನ ಒಂದೊಂದು ಪದಾರ್ಥಕ್ಕೂ ಅದರದ್ದೇ ಹೊತ್ತು ಇರುತ್ತದೆ. ಕಾಲು ಸೂಪು ಬೆಳಗಿನದು, ಬಿರಿಯಾನಿ ಹಂಡೆ ಇಳಿಸಿದ ಮೊದಲ ಒಂದು ಗಂಟೆಯದು, ಮುದ್ದೆ ಕಟ್ಟಿದ ಕಾಲು ಗಂಟೆಯದು. ಉಳಿದರ್ಧ ಉತ್ತರಕ್ಕೆ ಗಡಿಯಾರ ಕಾರಣವಲ್ಲ, ಅದನ್ನು ಮುಂದೆ ನೋಡೋಣ. ಹೋಟೆಲಿನ ಹೆಸರು ಬೇಡ. ಇಂಥ ಭಾನುವಾರ ಹೆಸರಿರುವ ಎಷ್ಟೋ ಕಡೆ ಇರುತ್ತದೆ.

ಸರದಿಯಲ್ಲಿ ನಿಂತವರು ಸಾಮಾನ್ಯವಾಗಿ ಬೋರ್ಡು ಓದುತ್ತಾರೆ. ಓದಬೇಕಾದ್ದು ಅಡುಗೆಮನೆ ಬಾಗಿಲನ್ನು. ಅವತ್ತು ಒಂದೂಕಾಲರ ಹೊತ್ತಿಗೇ ಒಳಗಿನಿಂದ ಸೌಟು ಹಂಡೆಯ ತಳ ಕೆರೆಯುವ ಸದ್ದು ಬರುತ್ತಿತ್ತು. ಎರಡನೇ ಹಂಡೆ ಒಲೆ ಮೇಲೆ ಇದ್ದಂತೆ ಕಾಣಲಿಲ್ಲ. ಗಲ್ಲಾದ ಪಕ್ಕದ ಮೇಜಿನ ಮೇಲೆ ಬಿರಿಯಾನಿ ತುಂಬಿಟ್ಟ ಡೊನ್ನೆಗಳು ಸಾಲಾಗಿ, ಮೇಲೆ ಒದ್ದೆ ಬಟ್ಟೆ. ಡೆಲಿವರಿ ಹುಡುಗರು ಏಳೆಂಟು ಜನ ಪಾರ್ಸಲಿಗೆ ಕಾಯುತ್ತಿದ್ದರು. ಇವೆಲ್ಲ ಸೂಚನೆಗಳೇ. ತುಂಬಿಟ್ಟ ಡೊನ್ನೆ ಎಂದರೆ ಹಂಡೆಯಿಂದ ನೇರ ತಟ್ಟೆಗೆ ಬೀಳುವ ಅನ್ನ ಸಿಗುವುದಿಲ್ಲ ಎಂದರ್ಥ. ಕಪ್ಪು ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ 14 ಪದಾರ್ಥ ಬರೆದಿತ್ತು, ಒಂದನ್ನೂ ಅಳಿಸಿರಲಿಲ್ಲ. ಇದು ಎಲ್ಲಕ್ಕಿಂತ ದೊಡ್ಡ ಸೂಚನೆ. ಒಳ್ಳೆಯ ಮಿಲಿಟರಿ ಹೋಟೆಲಿನಲ್ಲಿ ಒಂದೂವರೆ ದಾಟುವಾಗ ಬೋರ್ಡು ಸವೆಯುತ್ತಾ ಬರುತ್ತದೆ: ತಲೆಮಾಂಸ ಖಾಲಿ, ಬೋಟಿ ಖಾಲಿ, ನಲ್ಲಿಮೂಳೆ ಖಾಲಿ. ಮಧ್ಯಾಹ್ನ ಎರಡಕ್ಕೂ ಎಲ್ಲವೂ ಇದೆ ಎನ್ನುವ ಕಡೆ ಬೆಳಗಿನ ಅಡುಗೆಯನ್ನು ಎಳೆದು ಎಳೆದು ಬಡಿಸುತ್ತಿರುತ್ತಾರೆ.

ಹೇಳಿದ್ದು ಇಷ್ಟು: ನಾಲ್ಕು ಕಾಲು ಸೂಪು, ಮೂರು ಮುದ್ದೆ, ಎರಡು ನಾಟಿ ಕೋಳಿ ಸಾರು, ಒಂದು ಮಟನ್ ಚಾಪ್ಸ್, ಒಂದು ಕೈಮ ಉಂಡೆ, ಎರಡು ಮಟನ್ ಬಿರಿಯಾನಿ, ಒಂದು ಕಬಾಬ್. ಮೊದಲ ಭೇಟಿಯಲ್ಲಿ ಇಷ್ಟನ್ನು ಒಟ್ಟಿಗೇ ಹೇಳಿದ್ದು ತಪ್ಪು. ಹೊಸ ಜಾಗದಲ್ಲಿ ಸೂಪು ಮತ್ತು ಒಂದೇ ಒಂದು ಮುದ್ದೆ ತರಿಸಿ, ಅದನ್ನು ನೋಡಿಕೊಂಡು ಮುಂದಿನದು ಹೇಳಬೇಕು. ಇಲ್ಲಿ ಹೇಳಿದ ಮೇಲೆ ಎಲ್ಲವೂ ಐದು ನಿಮಿಷದೊಳಗೆ ಒಂದರ ಮೇಲೊಂದು ಬಂದು ಮೇಜು ತುಂಬಿತು. ಅಷ್ಟು ಬೇಗ ಬಂದದ್ದೂ ಒಳ್ಳೆಯ ಲಕ್ಷಣವಲ್ಲ. ಮುದ್ದೆ ಐದು ನಿಮಿಷಕ್ಕೆ ಆಗುವಂಥದ್ದಲ್ಲ.

ಮೊದಲು ಸೂಪು. ಕುರಿಯ ಕಾಲನ್ನು ಬೆಂಕಿಯಲ್ಲಿ ಸುಟ್ಟು, ಕೆರೆದು, ತುಂಡು ಮಾಡಿ ಸಣ್ಣ ಉರಿಯಲ್ಲಿ ಮೂರರಿಂದ ನಾಲ್ಕು ಗಂಟೆ ಬೇಯಿಸಬೇಕು. ಚರ್ಮ ಮತ್ತು ನರದ ಕೊಲಾಜೆನ್ ಅಷ್ಟು ಹೊತ್ತಿಗೆ ಜೆಲಟಿನ್ ಆಗಿ ನೀರಿಗಿಳಿಯುತ್ತದೆ. ಅದು ಇಳಿದಿದೆಯೋ ಇಲ್ಲವೋ ತಿಳಿಯಲು ನಾಲಿಗೆಯೂ ಬೇಡ. ಒಂದು ಹನಿಯನ್ನು ಹೆಬ್ಬೆರಳು, ತೋರುಬೆರಳ ನಡುವೆ ತಿಕ್ಕಿ ಬಿಡಿಸಿದರೆ ಬೆರಳುಗಳು ಅಂಟಿ ಬಿಡಬೇಕು. ಅವತ್ತಿನದು ನೀರಿನ ಹಾಗೆ ಜಾರಿತು. ಕಾಳುಮೆಣಸು ಮಾತ್ರ ಗಂಟಲು ಕೆರೆಯುವಷ್ಟಿತ್ತು. ಅದೂ ಕುದಿದ ಮೆಣಸಲ್ಲ. ಕುದಿದ ಮೆಣಸು ತಳಕ್ಕೆ ಕೂತಿರುತ್ತದೆ, ಅದರ ಖಾರ ಹೊಟ್ಟೆಯವರೆಗೂ ಬೆಚ್ಚಗೆ ಇಳಿಯುತ್ತದೆ. ಮೇಲೆ ಉದುರಿಸಿದ್ದು ತೇಲುತ್ತಾ ಮೊದಲ ಗುಟುಕಿಗೇ ಕೆಮ್ಮು ಬರಿಸುತ್ತದೆ. ಬೆಳಗಿನ ಸೂಪಿಗೆ ಬಿಸಿನೀರು ಸೇರಿಸಿ, ತೆಳ್ಳಗಾದದ್ದನ್ನು ಮೆಣಸಿನ ಪುಡಿಯಲ್ಲಿ ಮುಚ್ಚಿದ ಕೆಲಸ ಅದು.

ಆಮೇಲೆ ಮುದ್ದೆ. ಈ ಭೇಟಿಯಲ್ಲಿ ಹೆಚ್ಚು ಬೇಸರ ತಂದದ್ದು ಇದೇ. ರಾಗಿ ಬೆಳೆಯುವುದರಲ್ಲಿ ದೇಶಕ್ಕೇ ಮುಂದಿರುವ ರಾಜ್ಯದ ರಾಜಧಾನಿಯಲ್ಲಿ, ಮುದ್ದೆಗೇ ಹೆಸರಾದ ಹೋಟೆಲಿನಲ್ಲಿ, ಮೂರು ಮುದ್ದೆಗಳಲ್ಲಿ ಒಂದೂ ನುಂಗುವಂತಿರಲಿಲ್ಲ. ನೋಡಲು ಮೂರೂ ಚೆಂದ. ಒಂದೊಂದೂ ಮುನ್ನೂರು ಗ್ರಾಂ ಹತ್ತಿರ, ಗುಂಡಗೆ, ಮೇಲೆ ಹೊಳಪು. ಹೊಳಪು ಎಣ್ಣೆಯದು ಎಂದು ಮುಟ್ಟಿದಾಗ ಗೊತ್ತಾಯಿತು. ಬಿಸಿ ಮುದ್ದೆಗೆ ಎಣ್ಣೆ ಬೇಕಿಲ್ಲ, ಒದ್ದೆ ಕೈಯಲ್ಲಿ ಕಟ್ಟಿದಾಗ ತನ್ನಷ್ಟಕ್ಕೇ ಹೊಳೆಯುತ್ತದೆ. ಎಣ್ಣೆ ಸವರುವುದು ಮೇಲ್ಪದರ ಒಣಗಿ ಬಿರುಕು ಬಿಡದಿರಲಿ ಎಂದು, ಅಂದರೆ ಇದು ಕಾದು ಕೂರಬೇಕಾದ ಮುದ್ದೆ ಎಂದು ಕಟ್ಟುವಾಗಲೇ ಗೊತ್ತಿತ್ತು. ಬೆರಳಿಟ್ಟು ಒತ್ತಿದರೆ ಮೇಲೆ ಒಂದು ಚರ್ಮ, ಅದರ ಕೆಳಗೆ ಉಗುರುಬೆಚ್ಚಗಿನ ಗಟ್ಟಿ. ಮುರಿದರೆ ಎಳೆಯಾಗಿ ಬರದೆ ಪುಡಿಪುಡಿಯಾಗಿ ಸೀಳಿತು. ಎರಡನೇ ಮುದ್ದೆಯ ನಡುವೆ ಕಡಲೆಕಾಳಿನ ಗಾತ್ರದ ಗಂಟು. ಒಡೆದರೆ ಒಳಗೆ ಬಿಳಿಚಿದ ಹಸಿಹಿಟ್ಟು.

ಇಲ್ಲಿ ಎರಡು ಬೇರೆ ಬೇರೆ ತಪ್ಪುಗಳಿವೆ, ಒಂದಕ್ಕೊಂದು ಸಂಬಂಧವಿಲ್ಲ. ಗಟ್ಟಿಯಾದದ್ದು ಹೊತ್ತಿನ ತಪ್ಪು. ಬೆಂದ ಹಿಟ್ಟಿನ ಪಿಷ್ಟ ಆರುತ್ತಾ ಹೋದಂತೆ ನೀರನ್ನು ಬಿಟ್ಟುಕೊಡುತ್ತಾ ಮತ್ತೆ ಗಟ್ಟಿಯಾಗುತ್ತದೆ. ಗೋಧಿಯಲ್ಲಿರುವ ಜಿಗುಟು ಅಂಶ ರಾಗಿಯಲ್ಲಿ ಇಲ್ಲದ್ದರಿಂದ ಹಿಡಿದುಕೊಳ್ಳುವುದಕ್ಕೆ ಬೇರೇನೂ ಇರುವುದಿಲ್ಲ. ಬಿಸಿ ಹೋಯಿತೆಂದರೆ ಬಿರಿಯುತ್ತದೆ. ಹಾಟ್ ಬಾಕ್ಸಿನಲ್ಲಿ ಒದ್ದೆ ಬಟ್ಟೆ ಸುತ್ತಿ ಇಟ್ಟರೆ ಅರ್ಧ ಗಂಟೆ ತಡೆಯಬಹುದು, ಅದಕ್ಕಿಂತ ಹೆಚ್ಚಿಲ್ಲ. ಮತ್ತೆ ಮೆತ್ತಗಾಗಬೇಕಾದರೆ ಬಿಸಿಯ ಜೊತೆ ನೀರೂ ಬೇಕು. ಹಾಗೆ ಮಾಡಿದರೆ ಅದು ಹೊಸ ಎಸರಲ್ಲಿ ತೊಳಸುವಷ್ಟೇ ಕೆಲಸ, ಹೋಟೆಲಿನವರು ಮಾಡುವುದಿಲ್ಲ.

ಗಂಟು ಕೈಯ ತಪ್ಪು. ಒಂದು ಅಳತೆ ಹಿಟ್ಟಿಗೆ ಎರಡು ಅಳತೆ ನೀರು ಲೆಕ್ಕ. ಎಸರಿಗೆ ಮೊದಲು ಒಂದೆರಡು ಚಮಚ ಹಿಟ್ಟನ್ನು ತಣ್ಣೀರಲ್ಲಿ ಕದಡಿ ಹಾಕಿ ತೆಳ್ಳಗೆ ಅಂಬಲಿ ಮಾಡಿಕೊಳ್ಳಬೇಕು. ಅದು ಉಕ್ಕಿ ಬರುವಾಗ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು ಸುಮ್ಮನಿರಬೇಕು. ಈ ಸುಮ್ಮನಿರುವುದೇ ಕಷ್ಟ. ಕೋಲಿನಿಂದ ಗುಡ್ಡೆಗೆ ಒಂದೆರಡು ತೂತು ಮಾಡಿ, ಉರಿ ತಗ್ಗಿಸಿ ಐದಾರು ನಿಮಿಷ ಬಿಟ್ಟರೆ ಎಸರು ಸುತ್ತಲಿಂದ, ತೂತಿನಿಂದ ಉಕ್ಕಿ ಗುಡ್ಡೆಯೊಳಗೆ ಇಳಿದು ಹಿಟ್ಟು ಒಳಗಿನಿಂದ ಬೇಯುತ್ತದೆ. ಆಮೇಲೆ ಪಾತ್ರೆಯನ್ನು ಕವೆಗೋಲಿಂದ ಅದುಮಿ ಹಿಡಿದು ಹಿಟ್ಟುಕೋಲಿನಲ್ಲಿ ತೊಳಸಬೇಕು, ಅಂಚಿಗೆ ತಿಕ್ಕಿ ತಿಕ್ಕಿ. ಮುಚ್ಚಿ ಎರಡು ಮೂರು ನಿಮಿಷ ಸಣ್ಣ ಉರಿ, ಮತ್ತೊಮ್ಮೆ ತೊಳಸು. ಒದ್ದೆ ಬೆರಳು ಮುಟ್ಟಿಸಿದರೆ ಅಂಟಬಾರದು, ಅಲ್ಲಿಗೆ ಬೆಂದಿತು. ಗುಡ್ಡೆ ಬೇಯುವ ಮೊದಲೇ ಅವಸರಕ್ಕೆ ತಿರುವಿದರೆ ಹಸಿಹಿಟ್ಟಿನ ಸುತ್ತ ಬೆಂದ ಹಿಟ್ಟಿನ ಪೊರೆ ಕಟ್ಟಿಕೊಳ್ಳುತ್ತದೆ. ಒಳಗೆ ನೀರು ಹೋಗಲು ಜಾಗವೇ ಇಲ್ಲ. ಆಮೇಲೆ ಎಷ್ಟು ತೊಳಸಿದರೂ ಗಂಟು ಸಣ್ಣದಾಗುತ್ತದೆಯೇ ಹೊರತು ಕರಗುವುದಿಲ್ಲ. ಜನ ಬಾಗಿಲಲ್ಲಿ ಕಾಯುತ್ತಿರುವಾಗ ಅಡುಗೆಮನೆಯಲ್ಲಿ ಕಡಿತವಾಗುವುದು ಮೊದಲು ಈ ಐದಾರು ನಿಮಿಷವೇ.

ಹಿಟ್ಟು ಹಳೆಯದಾಗಿರಬಹುದೇ ಎಂಬ ಅನುಮಾನಕ್ಕೆ ಒಂದು ಚೂರು ಬರೀ ಬಾಯಿಗೆ ಹಾಕಿ ನೋಡಿದೆವು. ಮುಗ್ಗು ವಾಸನೆಯಾಗಲಿ ಕಹಿಯಾಗಲಿ ಇರಲಿಲ್ಲ. ಹಿಟ್ಟು ಚೆನ್ನಾಗಿಯೇ ಇತ್ತು.

“ಅಣ್ಣ, ಬಿಸಿ ಮುದ್ದೆ ಸಿಗುತ್ತಾ?”

“ಇದೇ ಬಿಸಿ ಸಾರ್, ಈಗ ಕಟ್ಟಿದ್ದು.”

ಆದರೂ ಬಡಿಸುವವನು ಪಾಪ ತಟ್ಟೆ ತೆಗೆದುಕೊಂಡು ಹೋಗಿ ಬೇರೆ ತಂದ. ಅದೂ ಅದೇ ಡಬ್ಬಿಯದು, ಮೇಲೆ ಸ್ವಲ್ಪ ನೀರು ಚಿಮುಕಿಸಿತ್ತು ಅಷ್ಟೆ. ಇಂಥ ಕಡೆ ಕೇಳಬೇಕಾದ ಪ್ರಶ್ನೆ “ಬಿಸಿ ಇದೆಯಾ” ಅಲ್ಲ, ಅದಕ್ಕೆ ಉತ್ತರ ಯಾವಾಗಲೂ ಇದೆ ಎಂದೇ. “ಮುಂದಿನ ಹಿಟ್ಟು ಎಷ್ಟು ಹೊತ್ತಿಗೆ ಇಳಿಯುತ್ತೆ” ಎಂದು ಕೇಳಿದರೆ ನಿಜ ಸಿಗುತ್ತದೆ. ಹದಿನೈದು ನಿಮಿಷ ಅಂದರೆ ಕಾಯಬಹುದು. ಇವತ್ತಿಗೆ ಇನ್ನಿಲ್ಲ ಅಂದರೆ ಕುಷ್ಕ, ಅಂದರೆ ತುಂಡಿಲ್ಲದ ಬರೀ ಬಿರಿಯಾನಿ ಅನ್ನ, ಹೇಳಿ ಸುಮ್ಮನಾಗಬಹುದು.

ಸಾರಿಗೆ ಬರೋಣ. ಮುದ್ದೆಯ ಸಾರು ತೆಳ್ಳಗಿರಬೇಕು, ಆದರೆ ಮೈ ಇರಬೇಕು. ತೆಂಗಿನಕಾಯಿ, ಹುರಿಗಡಲೆ, ಗಸಗಸೆ ಕೊಡುವ ಮೈ ಅದು. ಬಾಳೆಎಲೆಯ ಮೇಲೆ ಒಂದು ಸೌಟು ಬಿಟ್ಟು ನೋಡಿದರೆ ಗೊತ್ತಾಗುತ್ತದೆ: ಹದವಾಗಿ ಕುದಿದ ಸಾರು ಒಟ್ಟಾಗಿ ಹರಿಯುತ್ತದೆ. ನಮ್ಮ ಎಲೆಯ ಮೇಲೆ ಮೊದಲು ಕೆಂಪು ನೀರು ಓಡಿತು, ಅದರ ಹಿಂದೆ ಮಸಾಲೆಯ ರವೆ ನಿಧಾನಕ್ಕೆ ತೆವಳಿತು. ಸಾಲದೆ ಬಂದ ಸಾರಿಗೆ ನೀರು ಹೊಯ್ದು ಮತ್ತೆ ಕುದಿಸದೆ ಬಡಿಸಿದರೆ ಹೀಗಾಗುತ್ತದೆ. ಹತ್ತು ನಿಮಿಷ ಕುದಿಸಿದ್ದರೂ ಸೇರಿಕೊಳ್ಳುತ್ತಿತ್ತು.

ಇನ್ನು ಆ ಸಾರಿನೊಳಗಿನ ಕೋಳಿ. ಬೋರ್ಡಿನ ಮೇಲೆ ನಾಟಿ ಎಂದಿದೆ, ಬೆಲೆಯೂ ನಾಟಿಯದ್ದೇ. ಬ್ರಾಯ್ಲರ್ ಕೋಳಿ ಆರು ವಾರಕ್ಕೆ ಎರಡು ಕಿಲೋ ಮುಟ್ಟುತ್ತದೆ. ನಾಟಿ ಐದಾರು ತಿಂಗಳು ಓಡಾಡಿದರೂ ಅಷ್ಟು ತೂಗುವುದಿಲ್ಲ. ಬೆಲೆಯ ವ್ಯತ್ಯಾಸ ಅಲ್ಲಿಂದಲೇ ಬರುವುದು. ಬಡಿಸಿದ ಮೇಲೆ ಇವೆರಡನ್ನು ಗುರುತಿಸಲು ಕೊಬ್ಬಿನ ಹಳದಿ ಬಣ್ಣವನ್ನು ನಂಬಬೇಡಿ, ಅದು ಮೇವಿನ ಮೇಲೆ ಹೋಗುತ್ತದೆ, ಅರಿಶಿನ ಬೇರೆ ಇರುತ್ತದೆ. ನಂಬಬೇಕಾದ್ದು ಮೂಳೆಯನ್ನು. ಎಳೆ ಹಕ್ಕಿಯ ಮೂಳೆ ಇನ್ನೂ ಬಲಿತಿರುವುದಿಲ್ಲ, ಸಣ್ಣ ಸಣ್ಣ ರಂಧ್ರ. ಬೇಯುವಾಗ ಒಳಗಿನ ಮಜ್ಜೆ ಹೊರಗೆ ಜಿನುಗಿ ಗಂಟಿನ ಹತ್ತಿರ ಕಪ್ಪು ಕಲೆ ಮಾಡುತ್ತದೆ. ಹಲ್ಲಿಗೆ ಕೊಟ್ಟರೆ ಪುಳ್ಳೆಯ ಹಾಗೆ ಮುರಿಯುತ್ತದೆ. ನಾಟಿಯದು ತೆಳ್ಳಗೆ, ಗಟ್ಟಿ, ಬಿಳಿ. ಗಂಟಿನ ಮೃದ್ವಸ್ಥಿ ಬಿಟ್ಟರೆ ಉಳಿದದ್ದನ್ನು ಕಡಿಯಲಾಗದು. ಮಾಂಸವೂ ಎಳೆ ಎಳೆಯಾಗಿ ಹಲ್ಲಿಗೆ ಸ್ವಲ್ಪ ಕೆಲಸ ಕೊಡಬೇಕು. ತೆರೆದ ಪಾತ್ರೆಯಲ್ಲಿ ಅದು ಮುಕ್ಕಾಲರಿಂದ ಒಂದು ಗಂಟೆ ಬೇಯುವಷ್ಟರಲ್ಲಿ ಸಾರಿಗೆ ತನ್ನ ರುಚಿ ಬಿಟ್ಟಿರುತ್ತದೆ. ಬ್ರಾಯ್ಲರ್ ಇಪ್ಪತ್ತು ನಿಮಿಷಕ್ಕೇ ಕಳಚಿಕೊಳ್ಳುತ್ತದೆ.

ತಟ್ಟೆಯಲ್ಲಿದ್ದ ತೊಡೆ ಮೂಳೆ ಮುರಿಯಿತು. ಗಂಟಿನ ಬಳಿ ಕಪ್ಪು. ಮಾಂಸ ಬೆರಳಿಗೇ ಬಿಟ್ಟುಕೊಂಡಿತು.

ನ್ಯಾಯಕ್ಕೆ ಒಂದು ಮಾತು. ನಾಟಿಗೂ ಬ್ರಾಯ್ಲರಿಗೂ ನಡುವೆ ಬೇರೆ ತಳಿಗಳೂ ಇವೆ. ಬೆಂಗಳೂರಿನಲ್ಲೇ ಅಭಿವೃದ್ಧಿಪಡಿಸಿದ ಗಿರಿರಾಜ, ಸ್ವರ್ಣಧಾರ ಹಿತ್ತಲಲ್ಲಿ ಸಾಕುವ ಕೋಳಿಗಳೇ, ನೋಡಲು ನಾಟಿಯ ಹಾಗೆ ಬಣ್ಣಬಣ್ಣ. ಇವನ್ನು ನಾಟಿ ಎಂದು ಮಾರುವವರು ಬಹಳ, ಮೊಟ್ಟೆ ಮುಗಿಸಿದ ಲೇಯರ್ ಕೋಳಿಯನ್ನು ಮಾರುವವರೂ ಇದ್ದಾರೆ. ಚೆನ್ನಾಗಿ ಬೇಯಿಸಿದರೆ ಗಿರಿರಾಜದ ಸಾರಿಗೆ ತಕರಾರು ಹೇಳಲಾಗದು. ಆದರೆ ಮುರಿಯುವ ಮೂಳೆ, ಗಂಟಿನ ಬಳಿ ಕಪ್ಪು, ಬೆರಳಿಗೇ ಬಿಡುವ ಮಾಂಸ, ಈ ಮೂರೂ ಒಟ್ಟಿಗೆ ಅವುಗಳಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ.

ಬಿರಿಯಾನಿ ಡೊನ್ನೆಯಲ್ಲೇ ಬಂತು. ಡೊನ್ನೆ ಬಿರಿಯಾನಿ ಎಂದರೆ ಬಾಸ್ಮತಿಯನ್ನು ಅರೆಬೇಯಿಸಿ ಪದರ ಹಾಕಿ ದಮ್ ಕೊಡುವ ಹೈದರಾಬಾದಿನ ಕ್ರಮವಲ್ಲ. ಇಲ್ಲಿ ಪದರವೇ ಇಲ್ಲ. ಮಾಂಸ ಬೆಂದ ಹಸಿರು ಮಸಾಲೆ ನೀರಿಗೇ ಜೀರಾ ಸಾಂಬಾ ಅಕ್ಕಿ ಬೀಳುತ್ತದೆ. ಒಂದು ಕಿಲೋ ಅಕ್ಕಿಗೆ ಒಂದು ಕಿಲೋ ಮಟನ್, ಕೊತ್ತಂಬರಿ ಸೊಪ್ಪು ದೊಡ್ಡ ಕಟ್ಟು ಎರಡು, ಪುದೀನ ಅದರ ಅರ್ಧ, ಹಸಿಮೆಣಸಿನಕಾಯಿ 15ರಿಂದ 20, ಈರುಳ್ಳಿ 400 ಗ್ರಾಂ, ಬೆಳ್ಳುಳ್ಳಿ 75, ಶುಂಠಿ 50, ಮೊಸರು ಒಂದು ಲೋಟ, ಎಣ್ಣೆ ತುಪ್ಪ ಸೇರಿ 200 ಎಂಎಲ್. ಒಣಮೆಣಸಿನ ಪುಡಿ ಹಾಕುವುದಿಲ್ಲ. ಅರೆದ ಸೊಪ್ಪಿನ ಮಸಾಲೆಯನ್ನು ಎಣ್ಣೆ ಬಿಡುವವರೆಗೆ ಹುರಿದು, ಮಾಂಸ ಮುಕ್ಕಾಲು ಬೆಂದ ಮೇಲೆ ಆ ನೀರನ್ನು ಅಳೆದು, ಒಂದು ಅಳತೆ ಅಕ್ಕಿಗೆ ಒಂದೂಮುಕ್ಕಾಲರಿಂದ ಎರಡು ಅಳತೆ ಬರುವ ಹಾಗೆ ಹೊಂದಿಸಿ, ಇಪ್ಪತ್ತು ನಿಮಿಷ ನೆನೆದ ಅಕ್ಕಿ ಹಾಕಬೇಕು. ನೀರು ಅಕ್ಕಿಯ ಮಟ್ಟಕ್ಕೆ ಇಳಿಯುವವರೆಗೆ ಜೋರು ಉರಿ. ಆಮೇಲೆ ಮುಚ್ಚಳ, ಮುಚ್ಚಳದ ಮೇಲೆ ಕೆಂಡ, ಕಾಲು ಗಂಟೆ.

ಹೀಗೆ ಮಾಡಿದ ಬಿರಿಯಾನಿ ಇಳಿಸಿದಾಗ ಹಸಿರು. ಕಡು ಹಸಿರಲ್ಲ, ಒಣಗಿದ ಸೊಪ್ಪಿನ ತಿಳಿ ಹಸಿರು. ಬಿಸಿ ಮತ್ತು ಮೊಸರಿನ ಹುಳಿ ಸೇರಿ ಹೊತ್ತು ಕಳೆದಂತೆ ಸೊಪ್ಪಿನ ಹಸಿರು ಅಳಿದು ಖಾಕಿಗೆ ತಿರುಗುತ್ತದೆ. ಹಾಗಾಗಿ ಬಿರಿಯಾನಿಯ ವಯಸ್ಸನ್ನು ಬಣ್ಣ ನೋಡಿಯೇ ಹೇಳಬಹುದು, ವಾಚು ಬೇಡ. ನಮ್ಮೆದುರು ಬಂದದ್ದು ಪೊಲೀಸ್ ಖಾಕಿ. ಡೊನ್ನೆಯನ್ನು ತಟ್ಟೆಗೆ ಬೋರಲು ಹಾಕಿದರೆ ಅನ್ನ ಡೊನ್ನೆಯ ಆಕಾರದಲ್ಲೇ ನಿಂತಿತು. ಜೀರಾ ಸಾಂಬಾ ಸಣ್ಣ ಕಾಳು, ಮಸಾಲೆ ಚೆನ್ನಾಗಿ ಹೀರುತ್ತದೆ, ಆದರೆ ಬೆಂದ ಮೇಲೆ ಸೌಟಿನ ಪೆಟ್ಟು ತಡೆಯುವುದಿಲ್ಲ. ಹಂಡೆಯ ಅಂಚಿನಿಂದ ಓರೆಯಾಗಿ ತೆಗೆಯಬೇಕೇ ಹೊರತು ಕಲಸಬಾರದು. ತಳದ ಅನ್ನ, ಮತ್ತೆ ಮತ್ತೆ ಕೆರೆದದ್ದು, ಮೊದಲೇ ತುಂಬಿಟ್ಟ ಡೊನ್ನೆಯೊಳಗೆ ತನ್ನದೇ ಹಬೆ ಕುಡಿದು ಇನ್ನಷ್ಟು ಮೆತ್ತಗಾಗಿ ಉಪ್ಪಿಟ್ಟಿನ ಹದಕ್ಕೆ ಬಂದಿತ್ತು. ಡೊನ್ನೆಯ ತಳ ಒದ್ದೆ. ಬೋರಲು ಹಾಕಿದ ಅನ್ನದ ನೆತ್ತಿಯಲ್ಲಿ ಅಲ್ಲಲ್ಲಿ ಬಿಳಿ ಚುಕ್ಕೆ, ತಟ್ಟೆಯ ಅಂಚಿನಲ್ಲಿ ಬಿಳಿ ಗೆರೆ. ಕುರಿಯ ಕೊಬ್ಬು 45 ಡಿಗ್ರಿ ಆಸುಪಾಸಿಗೆ ಇಳಿದಾಗಲೇ ಹೆಪ್ಪುಗಟ್ಟತೊಡಗುತ್ತದೆ. ಬೆರಳಿಗೆ ಇನ್ನೂ ಬೆಚ್ಚಗೆ ಎನಿಸುವಾಗಲೇ ಅಂಗುಳಿಗೆ ಮೇಣ ಮೆತ್ತಿಕೊಂಡ ಹಾಗಾಗುವುದು ಅದಕ್ಕೇ. ಇದು ರುಚಿಯ ಮಾತಷ್ಟೇ ಅಲ್ಲ. ಬೆಂದ ಅನ್ನ, ಮಾಂಸವನ್ನು 60 ಡಿಗ್ರಿಗಿಂತ ಮೇಲೆ ಬಿಸಿಯಾಗಿಡದೆ ಗಂಟೆಗಟ್ಟಲೆ ಮೇಜಿನ ಮೇಲೆ ಬಿಡಬಾರದು. ಡೊನ್ನೆ ಸಾಲನ್ನು ನೆನೆದಾಗ ಒಬ್ಬರು ಅರ್ಧಕ್ಕೇ ಬಿಟ್ಟರು. ಬಿಟ್ಟದ್ದು ಸರಿ.

ಮಟನ್ ತುಂಡುಗಳಲ್ಲಿ ಒಂದು ವಿಚಿತ್ರ. ಒಂದೇ ಡೊನ್ನೆಯಲ್ಲಿ ಎರಡು ಬೆಣ್ಣೆಯಂಥವು, ಎರಡು ರಬ್ಬರಿನಂಥವು. ಗಟ್ಟಿ ಮಾಂಸ ಸಿಕ್ಕಿದರೆ ಬೆಂದಿಲ್ಲ ಎಂದುಬಿಡುವುದು ರೂಢಿ. ಬೇಯದ ಮಾಂಸ ಮೂಳೆಯನ್ನು ಬಿಡುವುದಿಲ್ಲ. ಇವು ಮೂಳೆಯಿಂದ ಸಲೀಸಾಗಿ ಕಳಚಿದವು, ಆದರೆ ಜಗಿದಷ್ಟೂ ಜಗಿಯಬೇಕಿತ್ತು. ಕೊಯ್ದ ಕೂಡಲೇ, ಮೈ ಬಿಸಿ ಆರುವ ಮೊದಲೇ ಮಾಂಸವನ್ನು ಜೋರು ತಣ್ಣಗಿರುವ ಪೆಟ್ಟಿಗೆಗೆ ತುರುಕಿದರೆ ಸ್ನಾಯು ಸೆಟೆದುಕೊಂಡು ಹಾಗೇ ಉಳಿದುಬಿಡುತ್ತದೆ. ಆಮೇಲೆ ಎಷ್ಟು ಬೇಯಿಸಿದರೂ ಅದು ಬಿಚ್ಚಿಕೊಳ್ಳುವುದಿಲ್ಲ. ಭಾನುವಾರದ ಗಿರಾಕಿಗೆಂದು ಶನಿವಾರವೇ ಕೂಡಿಟ್ಟ ಮಾಲು ಬೆಳಗಿನ ಮಾಲಿನ ಜೊತೆ ಬೆರೆತರೆ ಹೀಗೆ ಎರಡು ಬಗೆ ಸಿಗುತ್ತದೆ. ಮಾಂಸಕ್ಕೆ ಹೆಸರಾದ ಬನ್ನೂರು ಕುರಿಯೇ ತಂದರೂ ಹೀಗೆ ಇಟ್ಟರೆ ಪ್ರಯೋಜನವಿಲ್ಲ.

ಚಾಪ್ಸ್ ಪರವಾಗಿಲ್ಲ. ಮಸಾಲೆ ಹದವಾಗಿ ಹಿಡಿದಿತ್ತು, ಇಡೀ ಮೇಜಿನಲ್ಲಿ ಹೊತ್ತು ಮೀರಿದರೂ ತಡೆಯುವ ಪದಾರ್ಥ ಇದೊಂದೇ. ಎಣ್ಣೆಯಲ್ಲಿ ಹುರಿದು ನೀರು ಇಂಗಿಸಿದ್ದು ಎರಡು ಗಂಟೆ ಕೂತರೂ ರುಚಿ ಕೆಡುವುದು ಕಮ್ಮಿ. ಕೈಮ ಉಂಡೆ ಗೋಲಿಯಾಗಿತ್ತು. ಅರ್ಧ ಕಿಲೋ ಕೈಮಕ್ಕೆ ಹುರಿಗಡಲೆ ಪುಡಿ ಒಂದು ಹಿಡಿ ಸಾಕು. ಕಡಿಮೆಯಾದರೆ ಸಾರಿನಲ್ಲಿ ಒಡೆಯುತ್ತದೆ, ಹೆಚ್ಚಾದರೆ ಒಡೆಯುವುದೇ ಇಲ್ಲ, ನಾಲಿಗೆಗೆ ಹಿಟ್ಟು ಸಿಗುತ್ತದೆ. ಮಾಂಸ ಉಳಿಸಲು ಹಿಟ್ಟು ಹೆಚ್ಚಿಸಿದರೋ ಒಡೆಯದಿರಲೆಂದು ಹೆಚ್ಚಿಸಿದರೋ, ಬಾಯಿಗೆ ಎರಡೂ ಒಂದೇ. ಕಬಾಬಿನ ಮೇಲೆ ನಿಂಬೆ ಹಿಂಡಿದಾಗ ತಟ್ಟೆಗೆ ಬಣ್ಣ ಇಳಿಯಲಿಲ್ಲ, ಬ್ಯಾಡಗಿಯ ಕೆಂಪು ಅದು. 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಕಬಾಬಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದೆ. ಅಷ್ಟರಮಟ್ಟಿಗೆ ಇವರಿಗೆ ಪೂರ್ತಿ ಅಂಕ.

ಬಿಲ್ಲು ಎರಡು ಸಾವಿರದ ಹತ್ತಿರ, ಅದರ ಮೇಲೆ ಶೇ 5 ಜಿಎಸ್‌ಟಿ. ಸರ್ವಿಸ್ ಚಾರ್ಜ್ ಸೇರಿಸಿರಲಿಲ್ಲ. ಸೇರಿಸಿದ್ದರೆ ತೆಗೆಸಬಹುದು: ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ ಅದನ್ನು ತಾನಾಗಿ ಬಿಲ್ಲಿಗೆ ಸೇರಿಸುವಂತಿಲ್ಲ, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ತಕರಾರಿಗೆ ಸಹಾಯವಾಣಿ 1915. ಬಿಲ್ಲಿನ ತಲೆಯಲ್ಲಿ ‘ಕಾಂಪೊಸಿಷನ್’ (ಸಣ್ಣ ವ್ಯಾಪಾರಿಗಳ ಸರಳ ಜಿಎಸ್‌ಟಿ ಪದ್ಧತಿ) ಎಂದಿದ್ದರೆ ಅಂಥ ಹೋಟೆಲು ಗಿರಾಕಿಯಿಂದ ಜಿಎಸ್‌ಟಿಯನ್ನೂ ಕೇಳುವಂತಿಲ್ಲ, ಇದನ್ನು ಹೆಚ್ಚಿನವರು ನೋಡುವುದೇ ಇಲ್ಲ.

ಗಲ್ಲಾದಲ್ಲಿ ಕೂತ ಹಿರಿಯರಿಗೆ ಮುದ್ದೆಯ ವಿಷಯ ಹೇಳಿದಾಗ ಅವರು ವಾದಕ್ಕೆ ಬರಲಿಲ್ಲ. ಮುದ್ದೆಯ ದುಡ್ಡು ಬಿಲ್ಲಿನಿಂದ ತೆಗೆದರು. “ಭಾನುವಾರ ಎರಡು ಗಂಟೆಗೆ ಬಂದ್ರೆ ಹಿಂಗೇ ಸಾರ್. ವಾರದ ಮಧ್ಯ ಹನ್ನೆರಡೂವರೆ ಒಳಗೆ ಬಂದು ನೋಡಿ, ಆಮೇಲೆ ಬೈಯ್ರಿ,” ಎಂದರು. ಗೊತ್ತಿದ್ದೂ ಬೋರ್ಡು ಅಳಿಸದಿರುವುದಕ್ಕೆ ಏನು ಹೇಳುತ್ತಾರೋ ಕೇಳಬೇಕಿತ್ತು, ಹಿಂದೆ ಸರದಿ ಇತ್ತು. ಹೀಗೆ ಹೇಳುವುದಾದರೆ ಎರಡು ಮೂರು ತುತ್ತಿಗೇ ಹೇಳಬೇಕು ಎನ್ನುವುದನ್ನು ಮಾತ್ರ ಮರೆಯಬೇಡಿ. ತಟ್ಟೆ ಖಾಲಿ ಮಾಡಿ ಗಲ್ಲಾದ ಮುಂದೆ ನಿಂತವರ ಮಾತಿಗೆ ಬೆಲೆ ಇರುವುದಿಲ್ಲ.

ಅವರ ಮಾತಿನಂತೆ ಎರಡನೇ ಸಲ ಹೋಗಿದ್ದು ಹತ್ತು ದಿನ ಬಿಟ್ಟು ಬುಧವಾರ, 12:20ಕ್ಕೆ. ವಾರ ಆರಿಸುವಾಗಲೂ ಸ್ವಲ್ಪ ಲೆಕ್ಕ ಬೇಕು. ಸೋಮವಾರ, ಶನಿವಾರ ಮಾಂಸ ಮುಟ್ಟದ ಮನೆಗಳು ಬಹಳ, ಶ್ರಾವಣದಲ್ಲಂತೂ ಕೇಳುವುದೇ ಬೇಡ. ಆ ದಿನಗಳಲ್ಲಿ ಹಂಡೆ ಸಣ್ಣದು, ಖರ್ಚಾಗುವುದು ನಿಧಾನ. ಭಾನುವಾರ ಮತ್ತು ಯುಗಾದಿ ಮಾರನೆಯ ಹೊಸತೊಡಕಿಗೆ ಕೈಗಳು ಸಾಲುವುದಿಲ್ಲ. ಮಂಗಳವಾರ, ಬುಧವಾರ, ಶುಕ್ರವಾರ ಹದ. ಅವತ್ತು ಕಾಯಿಸಲಿಲ್ಲ. ಬೇಕೆಂದೇ ಅದೇ ಪದಾರ್ಥಗಳನ್ನು ಹೇಳಿದೆವು, ಈ ಸಲ ಒಂದೊಂದಾಗಿ.

ಸೂಪು ಬೆರಳಿಗೆ ಅಂಟಿತು. ಮುದ್ದೆಗೆ ಹನ್ನೆರಡು ನಿಮಿಷ ತಗೊಂಡರು. ತಟ್ಟೆಗೆ ಬಂದಾಗ ಹಬೆ ಆಡುತ್ತಿತ್ತು, ಎಣ್ಣೆಯ ಸುಳಿವಿಲ್ಲ. ಬೆರಳು ಸುಡುತ್ತಾ ಚೂರು ಮುರಿದು, ಉಂಡೆ ಮಾಡಿ, ಹೆಬ್ಬೆರಳಲ್ಲಿ ಗುಳಿ ಒತ್ತಿ ಸಾರಿಗೆ ಅದ್ದಿದರೆ ಗಂಟಲಲ್ಲಿ ಇಳಿದದ್ದೇ ತಿಳಿಯಲಿಲ್ಲ. ಬಿರಿಯಾನಿ ಹಂಡೆಯಿಂದ ನೇರ ಡೊನ್ನೆಗೆ, ಡೊನ್ನೆಯಿಂದ ತಟ್ಟೆಗೆ. ಬೋರಲು ಹಾಕಿದ ಕೂಡಲೇ ಉದುರಿ ಹರಡಿತು, ಬಣ್ಣ ಹಸಿರು. ಮಟನ್ ತುಂಡು ಎಲ್ಲವೂ ಒಂದೇ ಹದ. ಹೆಸರು ಸುಮ್ಮನೆ ಬಂದದ್ದಲ್ಲ ಎನ್ನುವಂತಿತ್ತು. ಕೈಮ ಉಂಡೆ ಮಾತ್ರ ಅದೇ ಗೋಲಿ.

ಕೊನೆಗೆ ನಾಟಿ ಕೋಳಿ ಸಾರು. ಈ ಸಲ ಸಾರು ಎಲೆಯ ಮೇಲೆ ಒಟ್ಟಾಗಿ ಹರಿಯಿತು, ಕಾಯಿಯ ಮೈ ಇತ್ತು, ಘಮ ಇತ್ತು. ತೊಡೆಯ ತುಂಡು ಎತ್ತಿದರೆ ಮಾಂಸ ಬೆರಳಿಗೇ ಬಿಟ್ಟುಕೊಂಡಿತು. ಗಂಟಿನ ಬಳಿ ಕಪ್ಪು.

“ಅಣ್ಣ, ಇದು ನಾಟಿನಾ?”

“ನಾಟಿನೇ ಸಾರ್.”

ಮೂಳೆ ಹಲ್ಲಿಗೆ ಕೊಟ್ಟೆವು. ಪುಳ್ಳೆಯ ಹಾಗೆ ಮುರಿಯಿತು.